ಮಗುವಿನ ವಯಸ್ಸು, ಮಗುವಿನ ಕನ್ನಡದ ವಯಸ್ಸು

ಬೇಸಗೆ ರಜೆಗೆ ಊರಿಗೆ ಹೊರಡುವ ಮುನ್ನ ನಮ್ಮ ಸಂಘದ ಬಂಧುಗಳು ತಪ್ಪದೆ ಕೇಳುವ ಪ್ರಶ್ನೆಯೊಂದಿದೆ: "ಡಾಕ್ಟ್ರೇ, ಬರುವಾಗ ಮಕ್ಕಳಿಗೆ ಕನ್ನಡದ ಯಾವ ಪುಸ್ತಕ ತರೋಣ?" ಔಷಧದ ಚೀಟಿ ಬರೆದು ರೂಢಿಯಾದ ನಮ್ಮ ಕೈ ಕೂಡಲೇ ಒಂದು ಪಟ್ಟಿಗೆ ಮುಂದಾಗುತ್ತದೆ. ಆದರೆ ಈ ಪುಸ್ತಕಗಳನ್ನು ಯಾರು, ಯಾವ ಮಕ್ಕಳನ್ನು ಕಣ್ಣೆದುರು ಇಟ್ಟುಕೊಂಡು ಬರೆದರು ಎಂಬುದನ್ನು ಮೊದಲು ಅರಿತರೆ ಆಯ್ಕೆ ಸುಲಭವಾದೀತು.

ಆಧುನಿಕ ಕನ್ನಡದ ಶಿಶುಸಾಹಿತ್ಯ ಬಹುಮಟ್ಟಿಗೆ ಶಾಲೆಯ ಮೇಷ್ಟರುಗಳಿಂದ ಬೆಳೆಯಿತು. ಬಂಟವಾಳದಲ್ಲಿ 1874ರಲ್ಲಿ ಜನಿಸಿದ ಪಂಜೆ ಮಂಗೇಶರಾಯರ ಮನೆಮಾತು ಕೊಂಕಣಿ. ಅವರು ಅಧ್ಯಾಪಕರಾಗಿ, ಶಾಲಾ ಇನ್ಸ್‌ಪೆಕ್ಟರರಾಗಿ ದುಡಿದರು; ತರಗತಿಯ ಮಕ್ಕಳು ಬಾಯಲ್ಲಿ ಹೇಳಿಕೊಂಡು ಕುಣಿಯಬಲ್ಲ ಪದ್ಯಗಳನ್ನೂ ಕಥೆಗಳನ್ನೂ ಬರೆದರು. ಮಕ್ಕಳಿಗಾಗಿ ಬರೆದ ಈ ಮೇಷ್ಟರನ್ನೇ ನಾಡು 1934ರ ರಾಯಚೂರು ಸಾಹಿತ್ಯ ಸಮ್ಮೇಳನದ ಅಧ್ಯಕ್ಷಪೀಠದಲ್ಲಿ ಕೂರಿಸಿತು. ಜಿ. ಪಿ. ರಾಜರತ್ನಂ ಅವರು ಶಿಶುವಿಹಾರದಲ್ಲಿ ಪಾಠ ಹೇಳುವಾಗ, ಪಠ್ಯದ ಪದ್ಯಗಳು ಎಳೆಯ ನಾಲಗೆಗೆ ಒಗ್ಗದ್ದನ್ನು ಕಂಡು ತಾವೇ ಬರೆಯತೊಡಗಿದರು. 'ತುತ್ತೂರಿ' ಹುಟ್ಟಿದ್ದು ಹಾಗೆ. ಕುವೆಂಪು ಅವರು ಬ್ರೌನಿಂಗ್ ಕವಿಯ ಇಲಿಗಳ ಕಥೆಯನ್ನು ಹ್ಯಾಮೆಲಿನ್ ಪಟ್ಟಣದಿಂದ ಬೊಮ್ಮನಹಳ್ಳಿಗೆ ತಂದು 'ಕಿಂದರಿಜೋಗಿ'ಯನ್ನು ಕೊಟ್ಟರು. ಶಿವರಾಮ ಕಾರಂತರು 1936ರಲ್ಲಿ ಮೂರು ಸಂಪುಟಗಳ 'ಬಾಲಪ್ರಪಂಚ'ದ ಮೂಲಕ ಜಗತ್ತಿನ ಅರಿವನ್ನೇ ಮಕ್ಕಳ ಮುಂದೆ ಹರವಿದರು.

ಈ ಸಾಲಿನಲ್ಲಿ ನಮಗೆ ಹೆಚ್ಚು ಆಪ್ತವಾದ ಹೆಸರು ಡಾ. ಅನುಪಮಾ ನಿರಂಜನ (1934–1991). ವೃತ್ತಿಯಿಂದ ವೈದ್ಯೆ, ಧಾರವಾಡದಲ್ಲಿಯೂ ಬೆಂಗಳೂರಿನಲ್ಲಿಯೂ ರೋಗಿಗಳನ್ನು ನೋಡುತ್ತಲೇ ಕಾದಂಬರಿಗಳನ್ನು ಬರೆದವರು. ತಾಯಂದಿರಿಗೆ 'ತಾಯಿ-ಮಗು', ಹರೆಯದ ಹೆಣ್ಣುಮಕ್ಕಳಿಗೆ 'ಕೇಳು ಕಿಶೋರಿ', ಮಕ್ಕಳಿಗೆ ಹನ್ನೆರಡು ಸಂಪುಟಗಳ 'ದಿನಕ್ಕೊಂದು ಕಥೆ': ಇವು ಅವರ ಕೊಡುಗೆ. ತಿಂಗಳಿಗೊಂದು ಸಂಪುಟ, ದಿನಕ್ಕೊಂದು ಕಥೆ. ವೈದ್ಯರ ಕಣ್ಣಿಗೆ ಇದು ಮಾತ್ರೆಯ ಲೆಕ್ಕದಂತೆಯೇ ಕಾಣುತ್ತದೆ: ಅಳತೆ ಸಣ್ಣದು, ತಪ್ಪಿಸಬಾರದು. ಅವರ ಪತಿ ನಿರಂಜನರು ಇದೇ ಕಿರಿಯರಿಗಾಗಿ ಏಳು ಸಂಪುಟಗಳ 'ಜ್ಞಾನಗಂಗೋತ್ರಿ' ಕಿರಿಯರ ವಿಶ್ವಕೋಶವನ್ನು ಸಂಪಾದಿಸಿದರು.

ನಾವೀಗ ನೆಲೆಸಿರುವ ಅಮೆರಿಕದಲ್ಲಿಯೂ ವೈದ್ಯರು ಪುಸ್ತಕ ಕೊಡುವ ಪದ್ಧತಿಯೊಂದು ಬೆಳೆದಿದೆ. 1989ರಲ್ಲಿ ಬಾಸ್ಟನ್ ಸಿಟಿ ಆಸ್ಪತ್ರೆಯಲ್ಲಿ 'ರೀಚ್ ಔಟ್ ಅಂಡ್ ರೀಡ್' ಆರಂಭವಾಯಿತು. ತಪಾಸಣೆಗೆ ಬಂದ ಮಗುವಿಗೆ ಒಂದು ಪುಸ್ತಕ, ತಂದೆತಾಯಿಗೆ 'ಓದಿ ಹೇಳಿ' ಎಂಬ ಮಾತು, ಇಷ್ಟೇ ಅದರ ತಿರುಳು. 2014ರಲ್ಲಿ ಇಲ್ಲಿನ ಮಕ್ಕಳ ವೈದ್ಯರ ಅಕಾಡೆಮಿಯೂ ಶೈಶವದಿಂದಲೇ ಗಟ್ಟಿಯಾಗಿ ಓದಿ ಹೇಳಬೇಕೆಂದು ಸಲಹೆ ನೀಡಿತು.

ಇದೆಲ್ಲ ತಿಳಿದಿದ್ದೂ ನಮ್ಮ ಮನೆಯಲ್ಲಿ ನಾವೇ ಎಡವಿದೆವು. ಹನ್ನೆರಡು ತುಂಬಿದ ಮಗ ಅಕ್ಷರಗಳನ್ನು ಕೂಡಿಸಿ ಓದುವಷ್ಟು ಕಲಿತಿದ್ದ. ಅದಕ್ಕೆ ತಕ್ಕದ್ದೆಂದು ಶಿಶುಗೀತೆಗಳ ಪುಸ್ತಕ ತಂದುಕೊಟ್ಟೆವು. ಎರಡು ಪುಟ ತಿರುವಿ, "ಅಪ್ಪಾ, ಇದು ಪಾಪುಗಳ ಪುಸ್ತಕ" ಎಂದು ಮೇಜಿನ ಮೇಲಿಟ್ಟು ಹೋದ. ಅವನಿಗೆ ಅವಮಾನವಾಗಿತ್ತು. ಮುಂದೆ ಬಹಳ ದಿನ ಕನ್ನಡ ಪುಸ್ತಕವೆಂದರೆ ಅವನಿಗೆ ಎಳಸು ಎಂಬ ಭಾವನೆಯೇ ಉಳಿಯಿತು. ತಪ್ಪು ನಮ್ಮದು. ಪರದೇಶದಲ್ಲಿ ಬೆಳೆಯುವ ಮಗುವಿನ ವಯಸ್ಸು ಒಂದು, ಅದರ ಕನ್ನಡದ ವಯಸ್ಸು ಇನ್ನೊಂದು. ನಾವು ಎರಡನೆಯದನ್ನು ಮಾತ್ರ ನೋಡಿ ಪುಸ್ತಕ ಆರಿಸಿದ್ದೆವು.

ಆಮೇಲೆ ಒಂದು ಚಳಿಗಾಲದಲ್ಲಿ ಪೂರ್ಣಚಂದ್ರ ತೇಜಸ್ವಿಯವರ 'ಕರ್ವಾಲೊ'ವನ್ನು ರಾತ್ರಿ ಹತ್ತು ನಿಮಿಷ ನಾವೇ ಓದತೊಡಗಿದೆವು. ಕೆಲವು ಮಾತುಗಳಿಗೆ ನಮಗೂ ಅರ್ಥ ಹೊಳೆಯದೆ ಊರಿನ ಅಜ್ಜಿಗೆ ಫೋನ್ ಮಾಡಿದ್ದುಂಟು. ಮೊದಲ ವಾರ ಅವನು ಆಕಳಿಸಿದ. ಹಾರುವ ಓತಿಯ ಸುಳಿವು ಸಿಕ್ಕ ಮೇಲೆ, "ಇವತ್ತು ಓದಲ್ವಾ?" ಎಂದು ಅವನೇ ಕೇಳಿದ. ಅವನ ಕಣ್ಣಿಗೆ ಕಷ್ಟವಾದದ್ದು ಕಿವಿಗೆ ಕಷ್ಟವಾಗಿರಲಿಲ್ಲ. ಪಂಜೆಯವರೂ ರಾಜರತ್ನಂ ಅವರೂ ಬರೆದದ್ದು ಮೊದಲಿಗೆ ಕಿವಿಗಾಗಿಯೇ ಅಲ್ಲವೇ?

ಆದ್ದರಿಂದ ನಮ್ಮ ಸಲಹೆ ಇಷ್ಟು. ಪುಸ್ತಕವನ್ನು ಮಗುವಿನ ನಿಜವಾದ ವಯಸ್ಸಿಗೆ ತಕ್ಕಂತೆ ಆರಿಸಿರಿ. ಕನ್ನಡ ಸಾಲದಿದ್ದೆಡೆ ನಿಮ್ಮ ದನಿಯನ್ನು ಸೇರಿಸಿರಿ. ಐದರೊಳಗಿನವರಿಗೆ ರಾಜರತ್ನಂ, ಪಂಜೆ. ಆರರಿಂದ ಒಂಬತ್ತರವರಿಗೆ 'ಕಿಂದರಿಜೋಗಿ' ಮತ್ತು 'ದಿನಕ್ಕೊಂದು ಕಥೆ'. ಹತ್ತು ದಾಟಿದವರಿಗೆ, ಎಲ್. ಎಸ್. ಶೇಷಗಿರಿರಾಯರ ಸಂಪಾದಕತ್ವದಲ್ಲಿ ಬಂದ 'ಭಾರತ ಭಾರತಿ'ಯ ಪುಟ್ಟ ಜೀವನಚರಿತ್ರೆಗಳು. ಬೊಳುವಾರು ಮಹಮದ್ ಕುಂಞಿ ಅವರ 'ಪಾಪು ಗಾಂಧಿ ಬಾಪು ಗಾಂಧಿ ಆದ ಕತೆ'. ಹರೆಯದವರಿಗೆ 'ಪರಿಸರದ ಕತೆ', 'ಕರ್ವಾಲೊ'. ಊರಿಗೆ ಹೋಗುವ ಅವಕಾಶವಿಲ್ಲದವರಿಗೆ ಬೆಂಗಳೂರಿನ ಪ್ರಥಮ್ ಬುಕ್ಸ್ ಸಂಸ್ಥೆಯ 'ಸ್ಟೋರಿವೀವರ್' ತಾಣದಲ್ಲಿ ಕನ್ನಡದ ಚಿತ್ರಪುಸ್ತಕಗಳು ಉಚಿತವಾಗಿ ದೊರೆಯುತ್ತವೆ.

ಪೆಟ್ಟಿಗೆಯಲ್ಲಿ ಚಕ್ಕುಲಿ, ಕೋಡುಬಳೆ, ಸಾರಿನ ಪುಡಿಯ ನಡುವೆ ಎರಡು ಪುಸ್ತಕಗಳಿಗೂ ಜಾಗವಿರಲಿ. ತಂದ ಪುಸ್ತಕವನ್ನು ಮಗುವಿನ ಕೈಗೆ ಕೊಟ್ಟು ಎದ್ದುಹೋಗದೆ, ಪಕ್ಕದಲ್ಲಿ ಹತ್ತು ನಿಮಿಷ ಕುಳಿತು ಮೊದಲ ಪುಟವನ್ನು ನೀವೇ ಓದಿರಿ. ನಮ್ಮ ಮಕ್ಕಳು ನಾಳೆ ಕನ್ನಡವನ್ನು ಮನೆಯ ಮಾತಾಗಿ ಉಳಿಸಿಕೊಳ್ಳುವರೋ, ಅಜ್ಜಿಯ ಫೋನಿಗೆ ಮಾತ್ರ ಮೀಸಲಿಡುವರೋ ಎಂಬುದು ಬಹುಪಾಲು ಆ ಹತ್ತು ನಿಮಿಷಗಳ ಮೇಲೆಯೇ ನಿಂತಿದೆಯೆಂದು ನಾವು ನಂಬಿದ್ದೇವೆ.