ಗಿರಿಕುಸಿತವೂ ಅಂತರ್ಜಲವೂ

ಗುಂಡ್ಲುಪೇಟೆ ತಾಲ್ಲೂಕಿನ ಭೀಮನಬೀಡು ಮಳೆನೆರಳಿನ ಸೀಮೆಗೆ ಸೇರಿದ ಗ್ರಾಮವು. ನೆಲದೊಳಗಿನ ನೀರು ಸಾಲದೆಂಬುದೇ ಇಲ್ಲಿಯ ರೈತನ ಚಿಂತೆ. ಬಂಡೀಪುರದ ಕಾಡನ್ನು ದಾಟಿ ನೈಋತ್ಯಕ್ಕೆ ಹೋದರೆ ಸಿಗುವ ವಯನಾಡಿನಲ್ಲಾದರೋ ಅದೇ ನೀರು ಮಿತಿಮೀರಿ ಗಿರಿಗಳನ್ನೇ ಕೆಡಹಿರುವುದು. ಎರಡು ಸೀಮೆಗಳಿಗೂ ನಂಟುಂಟು. ತೋಟಗಳ ಕೂಲಿಗೆಂದು ಚಾಮರಾಜನಗರದ ಕಡೆಯವರು ಘಟ್ಟಕ್ಕೆ ಹೋಗಿ ನೆಲಸಿದರು. 2024ನೆಯ ಇಸವಿ ಜುಲೈ 30ರ ನಡುರಾತ್ರಿ ಕಳೆದಮೇಲೆ ಮುಂಡಕೈ, ಚೂರಲ್‌ಮಲ ಊರುಗಳು ಮಣ್ಣುಪಾಲಾದಾಗ ಮೃತರಾದ ಇನ್ನೂರೈವತ್ತಕ್ಕೂ ಮಿಕ್ಕ ಜನರಲ್ಲಿ ಈ ಜಿಲ್ಲೆಯ ಮೂಲದವರೂ ಇದ್ದರು. ಆದುದರಿಂದ ಆ ಕುಸಿತದ ಕಾರಣವನ್ನು ವಿಚಾರಿಸುವುದು ಈ ಸೀಮೆಯ ಚರಿತ್ರೆಗೂ ಸಲ್ಲುವ ಕಾರ್ಯವಾಗಿದೆ.

ಮಳೆನೀರಿನ ಭಾರದಿಂದಲೇ ಬೆಟ್ಟವು ಜರಿಯುವುದೆಂದು ಸಾಮಾನ್ಯರ ನಂಬಿಕೆ. ಇದು ಅರೆಸತ್ಯ. ಮಣ್ಣಿನ ಕಣಗಳು ಒಂದನ್ನೊಂದು ಒತ್ತಿ ಹಿಡಿದಿರುವುದರಿಂದ ಇಳಿಜಾರು ನಿಲ್ಲುವುದು. ಒಳಕ್ಕೆ ಇಳಿದ ನೀರು ಕೆಳಗಿನ ಗಟ್ಟಿ ಬಂಡೆಯನ್ನು ಭೇದಿಸಲಾರದೆ ಅದರ ಮೇಲೆ ಏರತೊಡಗಿದರೆ ಕಣಗಳ ಸಂದುಗಳಲ್ಲಿ ಒತ್ತಡ ಹುಟ್ಟಿ ಆ ಹಿಡಿತವನ್ನು ಸಡಿಲಿಸುವುದು. ಈ ತತ್ತ್ವವನ್ನು ಗಣಿತಕ್ಕೆ ಒಳಪಡಿಸಿದ ಕಾರ್ಲ್ ಟರ್ಜಾಘಿಯ ಗ್ರಂಥವು 1925ರಲ್ಲಿ ಪ್ರಕಟವಾಯಿತು. ದಿನಗಟ್ಟಲೆ ನೆನೆದ ನೆಲದ ಮೇಲೆ ಬೀಳುವ ಬಿರುಮಳೆ ಘೋರವಾಗುವುದು ಇದರಿಂದಲೇ. ಮುಂಡಕೈಯ ಸಮೀಪದ ಕಳ್ಳಾಡಿಯಲ್ಲಿ 48 ಗಂಟೆಗಳೊಳಗೆ ಸುಮಾರು 570 ಮಿಲಿಮೀಟರು ಮಳೆ ಬಿದ್ದಿತ್ತು.

ವಯನಾಡಿನ ಕಲ್ಲು ಅತಿ ಪುರಾತನವಾದ ನೈಸ್ ಮುಂತಾದ ಜಾತಿಯದು, ಜ್ವಾಲಾಮುಖಿಯದಲ್ಲ. ಜ್ವಾಲಾಮುಖಿಯ ಶಿಲೆಯಲ್ಲಿ ನೀರಿನ ವರ್ತನೆ ಹೇಗೆಂಬುದಕ್ಕೆ ಬೆಳಗಾವಿಯಿಂದ ಬಡಗಣಕ್ಕೆ ಹಬ್ಬಿದ ದಖ್ಖನಿನ ಕರಿಗಲ್ಲಿನ ಸೀಮೆಯನ್ನು ನೋಡಬೇಕು. ಸುಮಾರು 6.6 ಕೋಟಿ ವರ್ಷಗಳ ಹಿಂದೆ ಲಾವಾರಸವು ಅಲ್ಲಿ ಪದರಪದರವಾಗಿ ಹರಿದು ಹೆಪ್ಪುಗಟ್ಟಿತು. ಪದರಗಳ ನಡುವೆ ಅಲ್ಲಲ್ಲಿ ಕೆಂಪು ಜೇಡಿಯ ತೆಳುವಾದ ಹಾಸುಗಳಿವೆ. ಬಿರುಕುಗಳಿಂದ ಇಳಿದ ನೀರು ಜೇಡಿಯ ಮೇಲೆ ತಡೆದುನಿಂತು ಬೆಟ್ಟದ ಮೈಯಲ್ಲಿ ಒರತೆಯಾಗಿ ಹೊರಬೀಳುವುದು. ಹೊರದಾರಿ ಸಾಲದಾದಾಗ ಮೇಲಣ ಶಿಥಿಲವಾದ ಮಣ್ಣನ್ನು ಸಡಿಲಿಸಿ ಜಾರಿಸುವುದು. ಪುಣೆ ಜಿಲ್ಲೆಯ ಮಾಳೀಣವೆಂಬ ಗ್ರಾಮವು ಈ ಶಿಲಾಸೀಮೆಯಲ್ಲಿಯೇ 2014ರ ಜುಲೈ 30ರ ಬೆಳಗ್ಗೆ ಹೂತುಹೋಯಿತು. ನೂರೈವತ್ತಕ್ಕೂ ಹೆಚ್ಚು ಜನರು ಮಡಿದರು. ಊರೇ ಕಾಣದಾಯಿತೆಂಬ ಸುದ್ದಿಯನ್ನು ಹೊರಗಿನವರಿಗೆ ಮುಟ್ಟಿಸಿದವನು ಆ ದಾರಿಯಲ್ಲಿ ಬಂದ ಬಸ್ಸಿನ ಚಾಲಕನು. ಎರಡು ದುರಂತಗಳ ದಿನಾಂಕ ಒಂದೇ ಆದುದು ಕಾಕತಾಳೀಯವಿರಬಹುದು. ಆದರೆ ಮುಂಗಾರು ನೆಲವನ್ನು ತುಂಬಿಟ್ಟಿರುವ ಕಾಲವೇ ಅದು ಎಂಬುದನ್ನು ಮರೆಯಲಾಗದು.

ಇನ್ನು ಸ್ಥಳದ ಪೂರ್ವವೃತ್ತಾಂತ. ಮುಂಡಕೈಯಲ್ಲಿ 1984ರಲ್ಲಿಯೂ ಗುಡ್ಡ ಜರಿದು 14 ಮಂದಿ ಸತ್ತಿದ್ದರು. ನೆರೆಯ ಪುತ್ತುಮಲ 2019ರ ಆಗಸ್ಟಿನಲ್ಲಿ ಕುಸಿದಿತ್ತು. 2024ರ ಕುಸಿತವು ಮೊದಲಾದ ಎಡೆಯಲ್ಲಿಯೇ ಹಳೆಯ ಕುಸಿತದ ಗುರುತಿದ್ದುದನ್ನು ಉಪಗ್ರಹದ ಚಿತ್ರಗಳು ತೋರಿಸಿದುವು. ಅಲ್ಲಿಂದ ಹೊರಟ ಕಲ್ಲುಮಣ್ಣಿನ ಪ್ರವಾಹವು ಹೊಳೆಯ ಪಾತ್ರವನ್ನು ಹಿಡಿದು ಸುಮಾರು 8 ಕಿಲೋಮೀಟರು ಹರಿಯಿತು. ತೋಟದ ಕೂಲಿಯವರ ಸಾಲುಮನೆಗಳು ಆ ಹಾದಿಯಲ್ಲಿದ್ದುವು.