ಗಡಿಗಿ ಬಡದು ನೋಡೋ ಕಾಲದಿಂದ ಗ್ಯಾರಂಟಿ ಕಾರ್ಡಿನ ತನಕ

ಈ ಸಲ ಅಡಗಿ ಇಲ್ಲ, ಹಬ್ಬ ಇಲ್ಲ. ಹೋದ ವಾರ ಗುಡಿ ಮುಂದ ಸಿಕ್ಕಾಗ "ಏನಾತವಾ ನಿಮ್ಮ ಹುಡುಗಿ ಲ್ಯಾಪ್‌ಟಾಪು?" ಅಂತ ನಾಕು ಮಂದಿ ಕೇಳಿದ್ರಿ. ಅದು ನಿಂತಲ್ಲೆ ಹೇಳಿ ಮುಗಿಯೋ ಮಾತಲ್ಲ. ಬರಿಯಾಕ ಕುಂತ್ರ ಮಾತು ಹಿಂದಿನ ಕಾಲಕ್ಕೂ ಹೋತು, ಅದನ್ನೂ ಓದ್ರಿ.

ಲ್ಯಾಪ್‌ಟಾಪ್ ತಂದಿದ್ದು ನಲವತ್ತೆರಡು ಸಾವಿರಕ್ಕ. ಅದರಾಗ ಇಪ್ಪತ್ತು ಸಾವಿರ ನಮ್ಮ ಸಂಘದ ಸಾಲ, ಉಳದದ್ದು ಹೈನದ ರೊಕ್ಕ. ಮಗಳು ಮನಿಯಾಗ ಕುಂತು ಬೆಂಗಳೂರಿನವ್ರ ಕೆಲಸ ಮಾಡತಾಳ, ಅದು ಇಲ್ಲಂದ್ರ ಪಗಾರ ಇಲ್ಲ. ಏಳು ತಿಂಗಳಿಗೆ ಪರದೆ ಮ್ಯಾಗ ಕೂದಲೆಳಿಯಷ್ಟು ಹಸರು ಗೆರಿ ಬಂತು, ಮ್ಯಾಲಿಂದ ಕೆಳಗ, ನೆಟ್ಟಗ. ಎಂಟು ದಿನದಾಗ ಆರು ಗೆರಿ ಆದ್ವು. ವಾರಂಟಿ ಒಂದು ವರ್ಷ ಐತಲ್ಲ ಅಂತ ಧೈರ್ಯ ಮಾಡಿ ಹುಬ್ಬಳ್ಳಿಗೆ ಒಯ್ದು ಸರ್ವಿಸ್ ಸೆಂಟರಿಗೆ ಕೊಟ್ಟು ಬಂದ್ವಿ. ನಾಕನೇ ದಿನ ಫೋನ್ ಬಂತು: "ಇದು ನೀವು ಮಾಡಿದ ಡ್ಯಾಮೇಜು, ವಾರಂಟಿ ಬರೂದಿಲ್ಲ, ಹನ್ನೊಂದೂವರಿ ಸಾವಿರ ಕೊಟ್ರ ಹೊಸಾ ಪರದೆ ಹಾಕತೀವಿ." ಎಲ್ಲಿ ಡ್ಯಾಮೇಜ್ ಆಗೈತಿ ತೋರಸ್ರಿ ಅಂದ್ರ "ಒಳಗ ಐತ್ರಿ ಅಮ್ಮ" ಅಂದ ಹುಡುಗ. ಕೊಡುವಾಗ ಒಂದು ಹಾಳಿಗೆ ಮಗಳ ಸಹಿ ಹಾಕಿಸಿಕೊಂಡಿದ್ರು. ಇಂಗ್ಲಿಷಿನ್ಯಾಗ ಸಣ್ಣ ಅಕ್ಷರದಾಗ "ಪರದೆ ಮ್ಯಾಗ ಒತ್ತಿದ ಗುರುತು ಐತಿ" ಅಂತ ಬರದಿತ್ತು. ಬಸ್ಸಿನ ಟೈಮ್ ಆಗಿತ್ತು, ಓದದ ಸಹಿ ಹಾಕಿದ್ಲು. ಅಕಿನ್ನ ಬೈದೆ. ಆಮ್ಯಾಲ ನಾನೂ ಬಾಜೂಕ ನಿಂತಿದ್ನಲ್ಲ ಅಂತ ಸುಮ್ನಾದೆ.

ಅವತ್ತು ರಾತ್ರಿ ನಮ್ಮ ಅತ್ತಿಯವ್ರು ಒಂದ ಮಾತು ಕೇಳಿದ್ರು: "ತರುವಾಗ ಬಡದು ನೋಡಲಿಲ್ಲೇನ?" ಅವರಿಗೆ ನಿಜಾಮನ ಹಾಲಿ ಸಿಕ್ಕಾ ರೂಪಾಯಿ ನೆನಪೈತಿ, ಅಷ್ಟು ವಯಸ್ಸು. ಅವರ ಕಾಲದಾಗ ಕುಂಬಾರ್ತಿ ಬುಟ್ಟಿ ಹೊತ್ತು ಬಂದ್ರ ಒಂದೊಂದು ಗಡಿಗಿನೂ ಬೆರಳ ಗೆಣ್ಣಿಲೆ ಬಡದು, ಕಿವಿಗೊಟ್ಟು, ಠಣ್ ಅಂದದ್ದು ಅಷ್ಟ ಇಟಗೊಳ್ಳತಿದ್ರು. ಅಷ್ಟರ ಮ್ಯಾಲೂ ನೀರು ಹಾಕಿದಾಗ ಸೋರಿದ್ರ, ಮುಂದಿನ ಸಲ ಬಂದಾಗ ಅಕಿನ ಬ್ಯಾರೇದು ಕೊಟ್ಟು ಹೋಗತಿದ್ಲಂತ. ಯಾಕಂದ್ರ ಅಕಿ ಮತ್ತ ಇದ ಓಣ್ಯಾಗ ಬರಬೇಕಲ್ಲ, ಸುಗ್ಗಿಯಾಗ ಜ್ವಾಳ ಇಸಗೊಳ್ಳಬೇಕಲ್ಲ.

ಎತ್ತಿನ ಸಂತಿಯಾಗ ಹಂಗಿಲ್ಲ. ಅಲ್ಲಿ ಹಲ್ಲು ನೋಡೋದು, ಸುಳಿ ನೋಡೋದು, ನಡಸಿ ನೋಡೋದು, ಟವೆಲ್ ಕೆಳಗ ಬೆರಳು ಹಿಡದು ರೇಟು ಮಾತಾಡೋದು. ಹಗ್ಗ ಕೈಗೆ ಬಂತಂದ್ರ ಎತ್ತು ನಿಂದು, ಅದರ ದೋಷನೂ ನಿಂದು. ನಮ್ಮಪ್ಪ ಒಮ್ಮಿ ಹಾಯೋ ಎತ್ತು ತಂದು ವರ್ಷಗಟ್ಲೆ ಮಂದಿ ಕೈಲೆ ನಗಿಸಿಕೊಂಡಿದ್ದ.

ಇದನ್ನ ನನ್ನ ತಮ್ಮಗ ಹೇಳಿದೆ. ಅವ ಹೈಸ್ಕೂಲಿನ್ಯಾಗ ಇತಿಹಾಸ ಮಾಸ್ತರ. "ಅಕ್ಕಾ, ವಾರಂಟಿ ಅನ್ನೋದು ನಮ್ಮ ಕಲ್ಯಾಣದಾಗ ಒಂಬೈನೂರು ವರ್ಷದ ಹಿಂದನ ಬರದಿಟ್ಟಾರ" ಅಂದ. ನಾನು ಚ್ಯಾಷ್ಟಿ ಮಾಡತಾನಂತ ತಿಳಕೊಂಡೆ. ಆದ್ರ ಖರೇನ ಐತಿ. ಈಗಿನ ಬಸವಕಲ್ಯಾಣದಾಗ, ಚಾಲುಕ್ಯರ ಆರನೇ ವಿಕ್ರಮಾದಿತ್ಯನ ಕಾಲದಾಗ (ಅವ ಪಟ್ಟಕ್ಕ ಬಂದದ್ದು 1076ರಾಗ), ವಿಜ್ಞಾನೇಶ್ವರ ಅನ್ನೋ ಪಂಡಿತ ಮಿತಾಕ್ಷರಾ ಅಂತ ಪುಸ್ತಕ ಬರದ. ಯಾಜ್ಞವಲ್ಕ್ಯ ಸ್ಮೃತಿಗೆ ಅರ್ಥ ಬಿಡಿಸಿ ಹೇಳೋ ಪುಸ್ತಕ ಅದು. ಆಸ್ತಿ ಪಾಲಿನ ವಿಷಯಕ್ಕ ಇಂಗ್ಲಿಷರ ಕೋರ್ಟಿನ್ಯಾಗೂ ಅದನ್ನ ತೆಗದು ನೋಡತಿದ್ರು. ಆ ಸ್ಮೃತಿಯೊಳಗ, ಕೊಂಡ ಸಾಮಾನು ಪರೀಕ್ಷಾ ಮಾಡಾಕ ಎಷ್ಟು ದಿನ ಅಂತ ಪಟ್ಟಿನ ಐತಿ. ಬೀಜಕ್ಕ ಹತ್ತು ದಿನ. ಕಬ್ಬಿಣಕ್ಕ ಒಂದು ದಿನ. ಹೂಡೋ ಎತ್ತಿಗೆ ಐದು ದಿನ, ರತ್ನಕ್ಕ ಏಳು ದಿನ, ಹಿಂಡೋ ಆಕಳಕ್ಕ ಮೂರು ದಿನ. ಅಷ್ಟರೊಳಗ ದೋಷ ಕಂಡ್ರ ವಾಪಸ್ ಕೊಡಬಹುದು. ಬೀಜ ಮೊಳಕಿ ಒಡಿಯಾಕ, ಆಕಳ ಹಾಲು ತಿಳಿಯಾಕ ಎಷ್ಟು ದಿನ ಬೇಕು ಅಂತ ಕಂಡವರ ಮಾಡಿದ ಲೆಕ್ಕ ಇದು. ಅದ ಪಟ್ಟಿಯಾಗ ದಾಸಿಗೆ ಒಂದು ತಿಂಗಳು, ದಾಸಗ ಹದಿನೈದು ದಿನ ಅಂತನೂ ಐತಿ. ಮನಷ್ಯಾರನ್ನ ಬೀಜದ ಜೋಡಿ ಎಣಿಸ್ಯಾರ. ಹಳೇದೆಲ್ಲಾ ಛಲೋ ಅನ್ನೋರು ಇದನ್ನೂ ಓದಬೇಕು.

ಅತ್ತ ಇಂಗ್ಲೆಂಡಿನ್ಯಾಗ ಮಾತು ಉಲ್ಟಾ ಇತ್ತು. 1603ರಾಗ ಅಲ್ಲಿ ಒಂದು ಖಟ್ಲೆ ಆತು. ಒಬ್ಬ ಅಕ್ಕಸಾಲಿಗ ನೂರು ಪೌಂಡಿಗೆ ಒಂದು ಕಲ್ಲು ಮಾರಿದ. ಆಡಿನಂಥ ಪ್ರಾಣಿ ಹೊಟ್ಟ್ಯಾಗ ಸಿಗೋ ಕಲ್ಲು, ವಿಷ ಇಳಸ್ತೈತಿ ಅಂತ ಆಗ ನಂಬತಿದ್ರು. ಅದು ಆ ಕಲ್ಲಲ್ಲ ಅಂತ ತಗೊಂಡವ ಕೋರ್ಟಿಗೆ ಹೋದ. ಕೋರ್ಟು ಏನಂತು ಗೊತ್ತೇನ್ರಿ? "ಇದು ಆ ಕಲ್ಲು" ಅಂತ ಬರೇ ಹೇಳಿದ್ರ ಸಾಲದು, "ನಾನು ವಾರಂಟಿ ಕೊಡತೀನಿ" ಅಂದಿದ್ರ ಮಾತ್ರ ಅವನ ಹೊಣಿ. ಕೊಳ್ಳಾವನ ಹುಷಾರಿರಬೇಕು ಅನ್ನೋದು ಅವರ ರೀತಿ. ನಮ್ಮ ದೇಶಕ್ಕ 1930ರಾಗ ಬ್ರಿಟಿಷರು ಮಾಡಿದ ಸರಕು ಮಾರಾಟ ಕಾಯ್ದೆಯೊಳಗೂ ಈ ರೀತಿ ಐತಿ, ಆದ್ರ ಸ್ವಲ್ಪ ಸಡಿಲ ಮಾಡ್ಯಾರ: ನೋಡಿದ್ರ ಕಾಣೋ ದೋಷ ಇದ್ದು ನೋಡಿ ತಗೊಂಡಿದ್ರ ನಿನ್ನ ತಪ್ಪು, ನೋಡಿದ್ರೂ ಕಾಣದ ದೋಷ ಇದ್ರ ಆ ಸಾಮಾನಿನ ವ್ಯಾಪಾರಿ ಹೊಣಿ. ಅತ್ತಿಯವರ ಪ್ರಶ್ನೆಗೆ ಇದ ಉತ್ತರ. ಲ್ಯಾಪ್‌ಟಾಪ್ ಬಡದು ನೋಡಿದ್ರ ಏನು ಗೊತ್ತಾಗಬೇಕು!

ಗ್ಯಾರಂಟಿ ಕಾರ್ಡು ಅನ್ನೋದನ್ನ ನಾನು ಮೊದಲು ನೋಡಿದ್ದು ವಾಚಿನ ಡಬ್ಬ್ಯಾಗ. ಎಚ್‌ಎಂಟಿಯವ್ರು ಜಪಾನಿನ ಸಿಟಿಜನ್ ಕಂಪನಿ ಜೋಡಿ ಸೇರಿ 1961ರಾಗ ಬೆಂಗಳೂರಾಗ ವಾಚು ಮಾಡಾಕ ಸುರು ಮಾಡಿದ್ರು. ನಮ್ಮ ಕಡೆ ಅಳಿಯಾಗ ವಾಚು ಕೊಡದ ಲಗ್ನ ಆಗತಿರಲಿಲ್ಲ. ನಮ್ಮನಿಯವರ ವಾಚಿನ ಕಾರ್ಡು ಇನ್ನೂ ಟ್ರಂಕಿನ್ಯಾಗ ಐತಿ, ವಾಚ್ ಎಲ್ಲಿ ಹೋತೋ ಏನೋ. ಆಮ್ಯಾಲ ಮಿಕ್ಸರ್ ಬಂತು, ಟಿವಿ ಬಂತು, ಕಾರ್ಡುಗೋಳು ಹೆಚ್ಚಾದ್ವು. ಆದ್ರ ಕಾರ್ಡು ಕೈಯಾಗಿದ್ರೂ "ಆಗೂದಿಲ್ಲ" ಅಂದವಗ ನಾವೇನು ಮಾಡೋದಿತ್ತು? ನೂರು ರೂಪಾಯಿ ಸಾಮಾನಿಗೆ ಸಿವಿಲ್ ಕೋರ್ಟಿಗೆ ಯಾರು ಹೋಗ್ಯಾರು?

ಇಲ್ಲಿಂದ ಮುಂದಿನ ಕಥಿಯೊಳಗ ಹೆಣ್ಮಕ್ಕಳು ಬರತಾರ. 1966ರಾಗ ಮುಂಬೈದಾಗ ಒಂಬತ್ತು ಮಂದಿ ಹೆಣ್ಮಕ್ಕಳು ಕೂಡಿ ಗ್ರಾಹಕರ ಸಂಸ್ಥೆ ಕಟ್ಟಿದ್ರು. 1972ರಾಗ ಅದ ಊರಾಗ ತುಟ್ಟಿ ವಿರುದ್ಧ ಮೃಣಾಲ್ ಗೋರೆ, ಅಹಿಲ್ಯಾ ರಾಂಗ್ಣೇಕರ್ ಅವರ ಮುಂದಾಳತ್ವದಾಗ ಹೆಣ್ಮಕ್ಕಳು ಲಟ್ಟಣಿಗಿ ಹಿಡದು ಬೀದಿಗೆ ಇಳದ್ರು. ಚಪಾತಿ ಲಟ್ಟಿಸೋ ಲಟ್ಟಣಿಗಿ ನೋಡ್ರಿ, ತಾಟು ಬಡಕೊಂಡು! ನಮ್ಮ ರಾಜ್ಯದಾಗ ಕುಂದಾಪುರ ಹತ್ರದ ಬಸ್ರೂರಾಗ ರವೀಂದ್ರನಾಥ ಶಾನಭಾಗ ಅವ್ರು ಬಳಕೆದಾರರ ವೇದಿಕೆ ಕಟ್ಟಿ ಸಣ್ಣ ಊರವ್ರೂ ಕೇಳಬಹುದು ಅಂತ ತೋರಿಸಿದ್ರು.

ಆಮ್ಯಾಲ 1986 ಡಿಸೆಂಬರ್ 24ಕ್ಕ ಗ್ರಾಹಕರ ಸಂರಕ್ಷಣಾ ಕಾಯ್ದೆಗೆ ರಾಷ್ಟ್ರಪತಿ ಅಂಕಿತ ಬಿತ್ತು. ನಾನಾಗ ಪಿಯುಸಿ ಓದಾಕತ್ತಿದ್ದೆ, ಇದರ ಸುದ್ದಿನ ಗೊತ್ತಿರಲಿಲ್ಲ. ಜಿಲ್ಲಾಕ್ಕೊಂದು ವೇದಿಕೆ, ವಕೀಲರು ಬೇಕಂತಿಲ್ಲ, ನಾವ ಹೇಳಬಹುದು. ಆದ್ರ ನಮಗ ಆಗ ಜಿಲ್ಲಾ ಅಂದ್ರ ರಾಯಚೂರು. ಹನುಮಸಾಗರದಿಂದ ರಾಯಚೂರಿಗೆ ಹೋಗಿ ಬರಾಕ ಇಡೀ ದಿನ ಹೋಗತಿತ್ತು. ಕೊಪ್ಪಳ ಜಿಲ್ಲಾ ಆದದ್ದು 1997ರಾಗ. ಇನ್ನೊಂದು ತೊಡಕಿತ್ತು: ಕಂಪನಿ ಎಲ್ಲೈತೋ, ಸಾಮಾನು ಎಲ್ಲಿ ತಗೊಂಡೀವೋ ಅಲ್ಲಿಗೇ ಹೋಗಿ ಕೇಸು ಹಾಕಬೇಕು. 2019ರ ಹೊಸಾ ಕಾಯ್ದೆ, 2020 ಜುಲೈ 20ರಿಂದ ಜಾರಿಗೆ ಬಂದದ್ದು, ಇದನ್ನ ಬದಲು ಮಾಡಿತು. ಈಗ ನಾವು ಇರೋ ಜಿಲ್ಲಾದಾಗ ಹಾಕಬಹುದು. ಹುಬ್ಬಳ್ಳಿಯವ್ರು ಕೊಪ್ಪಳಕ್ಕ ಬರಬೇಕು! ಇದನ್ನ ಓದಿದಾಗ ನನಗಾದ ಖುಷಿ ಏನ್ ಹೇಳಲಿ.

ಮೊದಲು 1915 ನಂಬರಿಗೆ ಫೋನ್ ಮಾಡಿದ್ವಿ. ರೊಕ್ಕ ಬೀಳೂದಿಲ್ಲ, ಕನ್ನಡದಾಗ ಮಾತಾಡತಾರ. ಅವ್ರು ಕಂಪನಿಗೆ ಬರದ್ರು, ಕಂಪನಿ ಅದ ಹಾಡು ಹಾಡಿತು. ಅಷ್ಟರೊಳಗ ಕುಷ್ಟಗಿಯ ರಿಪೇರಿ ಹುಡುಗಗ ತೋರಿಸಿದ್ವಿ. ಅವ ತಿಳಿಸಿ ಹೇಳಿದ: ಪರದೆ ಅಂದ್ರ ಎರಡು ತೆಳ್ಳನ ಗಾಜು, ಅಂಚಿಗೆ ಕೂದಲಗಿಂತ ಸಣ್ಣ ತಂತಿ ಅಂಟಿಸಿರತಾರ. ಆ ಅಂಟು ಬಿಟ್ರ ಅಲ್ಲಿಂದ ನೆಟ್ಟನ ಗೆರಿ ಬರತಾವ. ಪೆಟ್ಟು ಬಿದ್ರ ಜ್ಯಾಡರ ಬಲಿ ಹಂಗ ಸೀಳತೈತಿ, ಇಲ್ಲ ಶಾಯಿ ಚೆಲ್ಲಿದಂಗ ಕರೀ ಕಲಿ ಆಗತೈತಿ. ನಮ್ಮದರಾಗ ಸೀಳೂ ಇಲ್ಲ, ಕಲಿನೂ ಇಲ್ಲ. ಪುಣ್ಯಾಕ ಮೊದಲ ಗೆರಿ ಬಂದ ದಿನಾನ ಮಗಳು ತನ್ನ ಗೆಳತಿಗೆ ತೋರಸಾಕ ಮೊಬೈಲಿನ್ಯಾಗ ವಿಡಿಯೋ ಮಾಡಿದ್ಲು. ಅದು ಆ ಸಹಿ ಹಾಕಿದ ಹಾಳಿಗಿಂತ ಹದಿನಾಕು ದಿನ ಮೊದಲಿಂದು.

ಬಿಲ್ಲು, ವಾರಂಟಿ ಕಾರ್ಡು, ಆ ಹಾಳಿ, ವಿಡಿಯೋ ಎಲ್ಲಾ ಜೋಡಿಸಿ ಕೊಪ್ಪಳದ ಜಿಲ್ಲಾ ಆಯೋಗಕ್ಕ ದೂರು ಕೊಟ್ಟೀವಿ. ಐದು ಲಕ್ಷದ ತನಕ ಫೀ ಇಲ್ಲ. ತಕರಾರು ಹುಟ್ಟಿದಾಗಿಂದ ಎರಡು ವರ್ಷದೊಳಗ ಕೊಡಬೇಕು. ದೋಷ ಎಂಥಾದ್ದಂತ ತಿಳಿಯಾಕ ಬೇಕಾದ್ರ ಆಯೋಗದವ್ರ ಸಾಮಾನನ್ನ ಪ್ರಯೋಗಶಾಲೆಗೆ ಕಳಸ್ತಾರಂತ, ಅದಕ್ಕ ಆ ಹುಬ್ಬಳ್ಳಿ ಹಾಳಿ ಮ್ಯಾಗ ನನಗೇನೂ ಅಂಜಿಕಿ ಇಲ್ಲ. ನಮ್ಮನಿಯವ್ರಿಗೆ ಐತಿ. "ಹನ್ನೊಂದೂವರಿ ಸಾವಿರಕ್ಕ ಯಾಕ ಇಷ್ಟು ತಿರಗತಿ, ಕೊಟ್ಟು ಮುಗಸು" ಅಂತಾರ. ಸಂಘದಾಗ ವಾರಾ ವಾರಾ ಕಂತು ಕಟ್ಟಾಕಿ ನಾನು.

ಕಂಪನಿಗೆ ನೋಟಿಸು ಹೋಗೈತಿ, ಮುಂದಿನ ತಾರೀಖು ದೀಪಾವಳಿ ಆದಮ್ಯಾಲ. ಅಲ್ಲಿತನಕ ಮಗಳು ಲ್ಯಾಪ್‌ಟಾಪಿಗೆ ವೈರ್ ಹಚ್ಚಿ ಮನಿ ಟಿವಿ ಮ್ಯಾಗ ಕೆಲಸ ಮಾಡಾಕತ್ತಾಳ. ಮುಂಜಾನಿ ಒಂಬತ್ತರಿಂದ ರಾತ್ರಿ ಏಳರ ತನಕ ಟಿವಿ ಅಕೀದು. ಅತ್ತಿಯವ್ರು ಮಧ್ಯಾಹ್ನದ ಧಾರಾವಾಹಿಗೆ ನಮ್ಮ ಬಾಜೂ ಮನಿ ವೈನಿಯವರ ಕಡೆ ಹೋಗತಾರ, ಅವರಿಗೆ ತ್ರಾಸ ಆಗಿದ್ರ ನನಗ ಹೇಳ್ರಿ.