ಬಾಲವಿಲ್ಲದ ವಿಮಾನ, ಕಾರ್ಬನ್ ಎಳೆಯ ಮೈ

ಚಳ್ಳಕೆರೆ ಬಳಿಯ ಡಿಆರ್‌ಡಿಒ ವೈಮಾನಿಕ ಪರೀಕ್ಷಾ ವಲಯ 2017ರ ಮೇ 28ರಂದು ಉದ್ಘಾಟನೆಗೊಂಡಿತು. ಬಾಣದ ಮೊನೆಯಾಕಾರದ ಪೈಲಟ್‌ರಹಿತ ವಿಮಾನವೊಂದು 2022ರ ಜುಲೈನಲ್ಲಿ ಇಲ್ಲಿ ಮೊದಲ ಬಾರಿ ಹಾರಿತು. 2023ರ ಡಿಸೆಂಬರ್ 15ರಂದು ಬಾಲವಿಲ್ಲದ ರೂಪದಲ್ಲಿ ಅದರ ಹಾರಾಟ ಯಶಸ್ವಿಯಾದ ಸುದ್ದಿ ಹೊರಬಿತ್ತು. ಅದರ ಮೈ ದೇಶದಲ್ಲೇ ಅಭಿವೃದ್ಧಿಪಡಿಸಿದ ಹಗುರ ಕಾರ್ಬನ್ ಪ್ರಿಪ್ರೆಗ್‌ನದು.

ತಯಾರಿಕೆ ಹೇಗೆ?
ಪ್ರಿಪ್ರೆಗ್ ಎಂದರೆ ಮೊದಲೇ ರೆಸಿನ್ (ಅಂಟು ರಾಳ) ಹೀರಿಸಿದ ಕಾರ್ಬನ್ ಎಳೆಗಳ ಹಾಳೆ. ಒಂದೊಂದು ಎಳೆಯೂ ತಲೆಗೂದಲಿಗಿಂತ ಬಹಳ ತೆಳು. ನೇಯ್ದ ಕಾರ್ಬನ್ ಬಟ್ಟೆಯಲ್ಲಿ ಮೊಳಕಾಲ್ಮೂರು ರೇಷ್ಮೆ ಸೀರೆಯಂತೆಯೇ ಹಾಸು, ಹೊಕ್ಕು ಇರುತ್ತವೆ. ಎಳೆಯ ಬಲವೆಲ್ಲ ಅದರ ಉದ್ದಕ್ಕೇ ಇರುವುದರಿಂದ ಹಾಳೆಗಳನ್ನು ಬೇರೆ ಬೇರೆ ದಿಕ್ಕಿಗೆ ಅಚ್ಚಿನಲ್ಲಿ ಜೋಡಿಸಿ, ಶಾಖ ಮತ್ತು ಒತ್ತಡ ಕೊಟ್ಟು ಗಟ್ಟಿಗೊಳಿಸುತ್ತಾರೆ.

ಹೊರಮೈಯ ಪದರ
ಹೀಗೆ ಮಾಡಿದ ಭಾಗಗಳ ಮೇಲೆ ನೇಯ್ಗೆಯ ಗುರುತು, ಸೂಜಿಮೊನೆಯಷ್ಟು ರಂಧ್ರಗಳು ಉಳಿಯಬಹುದು. ಇದನ್ನು ತಡೆಯಲು ಅಚ್ಚಿನಲ್ಲಿ ಎಲ್ಲಕ್ಕೂ ಮೊದಲು ಹಗುರವಾದ ತೆಳು ಪದರವೊಂದನ್ನು ಹಾಸುವುದುಂಟು. ಅದರಿಂದ ಮೈ ನುಣುಪಾಗುತ್ತದೆ. ಪುಟ್ಟಿ ತುಂಬಿ ಉಜ್ಜುವ ಕೆಲಸ ತಗ್ಗುತ್ತದೆ, ಪುಟ್ಟಿಯ ಹೆಚ್ಚುವರಿ ತೂಕವೂ ತಪ್ಪುತ್ತದೆ.